ಚೇಷ್ಟೆ: ಅರ್ಥ, ಹುಟ್ಟು ಮತ್ತು ಪದೇ ಪದೇ ಕೇಳುವ ಪ್ರಶ್ನೆಗಳು

ಚೇಷ್ಟೆ ಅಂದರೆ ಏನು?

ಕೇಡು ಮಾಡುವ ಮನಸ್ಸಿಲ್ಲದೆ, ಸುಮ್ನೆ ಮಜಾಕ್ಕಾಗಿ ಮಾಡುವ ತುಂಟ ಕೆಲಸ, ಹೆಚ್ಚಾಗಿ ಇನ್ನೊಬ್ಬರಿಗೆ ಕೊಡುವ ಸಣ್ಣ ಕಾಟ. ತಾತನ ಕನ್ನಡಕ ಬಚ್ಚಿಡುವುದು, ಮಲಗಿದವರ ಮೂಗಿಗೆ ದಾರ ಆಡಿಸುವುದು, ಮನೆಗೆ ಬಂದ ನೆಂಟರ ಚಪ್ಪಲಿ ಅದಲು ಬದಲು ಮಾಡಿ ಮೂಲೆಯಲ್ಲಿ ನಿಂತು ನೋಡುವುದು, ಇವೆಲ್ಲ ಚೇಷ್ಟೆ. ಮೂಲೆಯಲ್ಲಿ ನಿಂತು ನೋಡುವುದು ಇದರಲ್ಲಿ ಮುಖ್ಯ. ನೋಡಿ ನಗದಿದ್ದರೆ ಚೇಷ್ಟೆ ಅರ್ಧಕ್ಕೇ ನಿಂತ ಹಾಗೆ.

ಈ ಪದ ಜಾಸ್ತಿ ಅಂಟುವುದು ಮಕ್ಕಳಿಗೆ ಮತ್ತು ಕೋತಿಗಳಿಗೆ. ದೊಡ್ಡವರಿಗೂ ಹೇಳುತ್ತಾರೆ, ಆದರೆ ಆಗ ಧ್ವನಿ ಸ್ವಲ್ಪ ಬದಲಾಗುತ್ತದೆ. ಐದು ವರ್ಷದ ಮಗುವಿಗೆ ‘ಎಷ್ಟು ಚೇಷ್ಟೆ ನಿಂದು’ ಅಂದರೆ ಮುದ್ದು. ಐವತ್ತು ವರ್ಷದವರಿಗೆ ಅದೇ ಮಾತು ಹೇಳಿದರೆ ಬೈಗುಳ.

ಇದು ಕನ್ನಡದ ಪದವೋ, ಸಂಸ್ಕೃತದ್ದೋ?

ಸಂಸ್ಕೃತದಿಂದ ಬಂದದ್ದು. ಅಲ್ಲಿ ‘ಚೇಷ್ಟಾ’. ಮಾಲಾ ಇಲ್ಲಿ ಮಾಲೆ ಆದ ಹಾಗೆ, ಭಾಷಾ ಭಾಷೆ ಆದ ಹಾಗೆ, ಚೇಷ್ಟಾ ಚೇಷ್ಟೆ ಆಯಿತು. ಹಿಂದಿರುವ ಧಾತು ‘ಚೇಷ್ಟ್’. ಅದರ ಅರ್ಥ ಅಲುಗಾಡು, ಕೈಕಾಲು ಆಡಿಸು, ಪ್ರಯತ್ನ ಮಾಡು.

ಅಂದರೆ ಮೂಲದಲ್ಲಿ ತುಂಟತನದ ವಾಸನೆಯೇ ಇಲ್ಲ. ನೀವು ಕುರ್ಚಿಯಿಂದ ಎದ್ದರೆ ಅದು ಚೇಷ್ಟೆ. ನೀರಿನ ಲೋಟಕ್ಕೆ ಕೈ ಚಾಚಿದರೆ ಅದೂ ಚೇಷ್ಟೆ.

ತರ್ಕಶಾಸ್ತ್ರದ ಹಳೆಯ ಗ್ರಂಥವಾದ ಗೌತಮನ ನ್ಯಾಯಸೂತ್ರದಲ್ಲಿ ಶರೀರ ಅಂದರೆ ಏನು ಎಂದು ಹೇಳುವಾಗ ‘ಚೇಷ್ಟೇಂದ್ರಿಯಾರ್ಥಾಶ್ರಯಃ ಶರೀರಮ್’ ಎಂಬ ಸೂತ್ರ ಬರುತ್ತದೆ. ಚೇಷ್ಟೆಗೂ, ಇಂದ್ರಿಯಗಳಿಗೂ, ಅವು ತಂದುಕೊಡುವ ಅನುಭವಕ್ಕೂ ನೆಲೆಯಾದದ್ದೇ ಶರೀರ ಎಂದು ಅರ್ಥ. ಬೇಕಾದದ್ದನ್ನು ಪಡೆಯಲು, ಬೇಡವಾದದ್ದರಿಂದ ತಪ್ಪಿಸಿಕೊಳ್ಳಲು ದೇಹ ಮಾಡುವ ಚಲನೆ ಅಲ್ಲಿನ ಚೇಷ್ಟೆ. ಈ ಸೂತ್ರವನ್ನು ಇವತ್ತಿನ ಕನ್ನಡದಲ್ಲಿ ಓದಿಕೊಂಡರೆ ಯಾವ ಮಗುವಾದರೂ ಖುಷಿಪಡುತ್ತದೆ. ಚೇಷ್ಟೆ ಇಲ್ಲದಿದ್ದರೆ ಅದು ಶರೀರವೇ ಅಲ್ಲ!

ಭಗವದ್ಗೀತೆಯಲ್ಲೂ ಈ ಪದ ಇದೆಯಂತೆ, ಹೌದಾ?

ಹೌದು, ಒಂದಕ್ಕಿಂತ ಹೆಚ್ಚು ಕಡೆ. ಮೂರನೇ ಅಧ್ಯಾಯದ 33ನೇ ಶ್ಲೋಕದಲ್ಲಿ ‘ಸದೃಶಂ ಚೇಷ್ಟತೇ ಸ್ವಸ್ಯಾಃ ಪ್ರಕೃತೇರ್ಜ್ಞಾನವಾನಪಿ’ ಎಂದಿದೆ. ತಿಳಿದವನು ಕೂಡ ತನ್ನ ಸ್ವಭಾವಕ್ಕೆ ತಕ್ಕ ಹಾಗೇ ನಡೆಯುತ್ತಾನೆ ಎಂಬುದು ಅದರ ಮಾತು. ನಮ್ಮ ‘ಹುಟ್ಟುಗುಣ ಸುಟ್ಟರೂ ಹೋಗದು’ ಅದೇ ದಾರಿಯದು. ಆರನೇ ಅಧ್ಯಾಯದ 17ನೇ ಶ್ಲೋಕದಲ್ಲಿ ‘ಯುಕ್ತಚೇಷ್ಟಸ್ಯ ಕರ್ಮಸು’ ಬರುತ್ತದೆ. ಊಟ, ಓಡಾಟ, ಕೆಲಸ, ನಿದ್ದೆ, ಎಚ್ಚರ ಎಲ್ಲ ಹದವಾಗಿರಬೇಕು ಎನ್ನುವ ಜಾಗ ಅದು. ಹದವಾಗಿ ಕೀಟಲೆ ಮಾಡು ಎಂದು ಯಾರೂ ಓದಿಕೊಳ್ಳಬಾರದು.

‘ಕಾಕಚೇಷ್ಟಾ ಬಕೋಧ್ಯಾನಂ’ ಅಂತಾರಲ್ಲ, ವಿದ್ಯಾರ್ಥಿ ಕಾಗೆ ಥರ ಚೇಷ್ಟೆ ಮಾಡಬೇಕಾ?

ಈ ಪ್ರಶ್ನೆ ಕೇಳದ ಕನ್ನಡ ವಿದ್ಯಾರ್ಥಿ ಕಡಿಮೆ. ಪೂರ್ತಿ ಶ್ಲೋಕ ಹೀಗಿದೆ: ‘ಕಾಕಚೇಷ್ಟಾ ಬಕೋಧ್ಯಾನಂ ಶ್ವಾನನಿದ್ರಾ ತಥೈವ ಚ | ಅಲ್ಪಾಹಾರೀ ಗೃಹತ್ಯಾಗೀ ವಿದ್ಯಾರ್ಥೀ ಪಂಚಲಕ್ಷಣಮ್’. ಕಾಗೆಯ ಪ್ರಯತ್ನ, ಕೊಕ್ಕರೆಯ ಏಕಾಗ್ರತೆ, ನಾಯಿಯ ಎಚ್ಚರದ ನಿದ್ದೆ, ಮಿತ ಊಟ, ಮನೆಯ ಸುಖ ಬಿಡುವುದು, ಇವು ಓದುವವನ ಐದು ಲಕ್ಷಣ. ಇಲ್ಲಿ ಚೇಷ್ಟೆ ಅಂದರೆ ಬಿಡದೆ ಮಾಡುವ ಪ್ರಯತ್ನ. ಓಡಿಸಿದರೂ ಮತ್ತೆ ಬಂದು ಕೂರುವುದು ಕಾಗೆಯ ಗುಣ ತಾನೇ?

ಆದರೂ ಕಾಗೆಯನ್ನೇ ಆರಿಸಿದ್ದು ಸ್ವಲ್ಪ ಅನುಮಾನ ಹುಟ್ಟಿಸುತ್ತದೆ. ಒಣಗಲು ಹಾಕಿದ ಹಪ್ಪಳ ಕಾಯ್ದವರಿಗೆ ಗೊತ್ತು, ಕಾಗೆಯ ಪ್ರಯತ್ನ ಎಲ್ಲಿ ಮುಗಿದು ಕಾಗೆಯ ಚೇಷ್ಟೆ ಎಲ್ಲಿ ಶುರುವಾಗುತ್ತದೆ ಎಂದು ಹೇಳುವುದು ಕಷ್ಟ.

ಹಳೆಯ ಅರ್ಥ ಈಗಿನ ಕನ್ನಡದಲ್ಲಿ ಎಲ್ಲಾದರೂ ಉಳಿದಿದೆಯಾ?

ಉಳಿದಿದೆ. ದಿನಪತ್ರಿಕೆ ತೆಗೆದರೆ ಸಾಕು. ‘ನಿಶ್ಚೇಷ್ಟಿತನಾಗಿ ಬಿದ್ದಿದ್ದ’ ಎಂಬ ಮಾತು ಅಪಘಾತದ ವರದಿಗಳಲ್ಲಿ ಬರುತ್ತಲೇ ಇರುತ್ತದೆ. ತುಂಟತನ ಬಿಟ್ಟು ಬಿದ್ದಿದ್ದ ಎಂದಲ್ಲ, ಅಲುಗಾಡದೆ ಬಿದ್ದಿದ್ದ ಎಂದು. ಹೀಗೆ ಹಳೆಯ ಅರ್ಥ ‘ನಿಶ್’ ಎಂಬ ಉಪಸರ್ಗದ ಹಿಂದೆ ಅಡಗಿ ಕೂತಿದೆ.

ಜಾತಕ ನೋಡುವವರ ಬಾಯಲ್ಲೂ ಕೇಳಬಹುದು. ಗ್ರಹಗಳ ಷಡ್ಬಲದಲ್ಲಿ, ಅಂದರೆ ಆರು ಬಗೆಯ ಬಲಗಳಲ್ಲಿ, ಸ್ಥಾನಬಲ, ದಿಗ್ಬಲ, ಕಾಲಬಲ, ನೈಸರ್ಗಿಕಬಲ, ದೃಗ್ಬಲದ ಜೊತೆ ಚೇಷ್ಟಾಬಲ ಎಂಬುದೂ ಒಂದು. ಅದು ಗ್ರಹದ ಚಲನೆಯಿಂದ ಬರುವ ಬಲ. ವಕ್ರಗತಿಯಲ್ಲಿರುವ ಗ್ರಹಕ್ಕೆ ಚೇಷ್ಟಾಬಲ ಜಾಸ್ತಿ ಎಂದು ಲೆಕ್ಕ. ಈ ಶಾಸ್ತ್ರವನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ನೇರ ಹೋಗದೆ ಹಿಂದಕ್ಕೆ ನಡೆದವನಿಗೆ ಚೇಷ್ಟೆ ಜಾಸ್ತಿ ಎಂಬ ಲೆಕ್ಕ ನಮ್ಮ ಮನೆಗಳಲ್ಲೂ ಸರಿಹೊಂದುತ್ತದೆ, ಅಲ್ವಾ?

ಭರತನ ನಾಟ್ಯಶಾಸ್ತ್ರದಲ್ಲಿ ಆಂಗಿಕ ಅಭಿನಯವನ್ನು, ಅಂದರೆ ಅಂಗಗಳಿಂದ ಮಾಡುವ ಅಭಿನಯವನ್ನು, ಮೂರಾಗಿ ಹೇಳಿದೆ: ಶಾರೀರ (ದೇಹದ್ದು), ಮುಖಜ (ಮುಖದ್ದು), ಚೇಷ್ಟಾಕೃತ (ಚಲನೆಯಿಂದ ಆದದ್ದು). ನೃತ್ಯ ಕಲಿಯುವವರಿಗೆ ಇದು ಪರಿಚಯದ ಮಾತು.

ಸರಿ, ಬರೀ ಚಲನೆ ತುಂಟತನ ಆಗಿದ್ದು ಹೇಗೆ?

ಇದೇ ಇಡೀ ವಿಷಯದ ತಿರುಳು, ಸ್ವಲ್ಪ ನಿಧಾನಿಸೋಣ.

ಮೊದಲ ಹೆಜ್ಜೆ ಚಲನೆಯಿಂದ ಹಾವಭಾವಕ್ಕೆ. ಮನುಸ್ಮೃತಿಯ ಎಂಟನೇ ಅಧ್ಯಾಯದಲ್ಲಿ ರಾಜ ವ್ಯಾಜ್ಯ ವಿಚಾರಿಸುವಾಗ ಎದುರಿಗಿರುವವರ ಮನಸ್ಸನ್ನು ಹೇಗೆ ಓದಬೇಕು ಎಂದು ಹೇಳಿದೆ. ‘ಆಕಾರೈರಿಂಗಿತೈರ್ಗತ್ಯಾ ಚೇಷ್ಟಯಾ ಭಾಷಿತೇನ ಚ’. ಮುಖದ ಬಣ್ಣ, ಸನ್ನೆ, ನಡಿಗೆ, ಚೇಷ್ಟೆ, ಮಾತು ಎಲ್ಲವನ್ನೂ ನೋಡಬೇಕು ಎಂದು. ಸುಳ್ಳು ಹೇಳುವವನ ಕೈ ಸುಮ್ಮನಿರುವುದಿಲ್ಲ ಎಂಬುದು ಆ ಕಾಲಕ್ಕೇ ಗೊತ್ತಿತ್ತು. ಇಲ್ಲಿ ಚೇಷ್ಟೆ ಬರೀ ಚಲನೆ ಅಲ್ಲ, ಒಳಗಿನದನ್ನು ಹೊರಗೆ ಹಾಕುವ ಚಲನೆ.

ಎರಡನೇ ಹೆಜ್ಜೆ ಹಾವಭಾವದಿಂದ ವರ್ತನೆಗೆ. ಒಬ್ಬನ ನಡೆನುಡಿಗೂ ಸಂಸ್ಕೃತದಲ್ಲಿ ಚೇಷ್ಟೆ ಎನ್ನುವುದುಂಟು. ಮೂರನೆಯದು ದಕ್ಷಿಣದ ಮನೆಗಳಲ್ಲಿ ಆದದ್ದು. ಯಾರ ವರ್ತನೆಯ ಬಗ್ಗೆ ಮನೆಯಲ್ಲಿ ಜಾಸ್ತಿ ಮಾತಾಡುತ್ತೇವೆ? ತೊಂದರೆ ಕೊಡುವವರ ಬಗ್ಗೆ. ಮೂಲೆಯಲ್ಲಿ ಸುಮ್ಮನೆ ಕೂತ ಮಗುವಿನ ಕೈಕಾಲಿನ ಸುದ್ದಿ ಯಾರಿಗೂ ಬೇಡ.

ನಮ್ಮ ಮನೆಗಳ ಭಾಷೆ ಸ್ವಲ್ಪ ಗಮನಿಸಿ. ತುಂಟ ಮಗುವಿಗೆ ನಾವು ‘ಒಳ್ಳೆಯವನಾಗು’ ಎಂದು ಹೇಳುವುದಿಲ್ಲ. ‘ಸುಮ್ನೆ ಕೂತ್ಕೋ’ ಎನ್ನುತ್ತೇವೆ. ‘ಕೈ ಕಟ್ಟು, ಬಾಯಿ ಮುಚ್ಚು’ ಎಂದು ಶಾಲೆಯಲ್ಲಿ ಹೇಳುತ್ತಾರೆ. ‘ಇವನ ಕೈ ಸುಮ್ನಿರಲ್ಲ’, ‘ಕೂತಲ್ಲಿ ಕೂರಲ್ಲ, ನಿಂತಲ್ಲಿ ನಿಲ್ಲಲ್ಲ’ ಎನ್ನುವುದೇ ದೂರು. ತುಂಟತನಕ್ಕೆ ಎದುರಾದದ್ದು ಒಳ್ಳೆಯತನ ಅಲ್ಲ, ಅಲುಗಾಡದಿರುವುದು. ಹೀಗೆ ಯೋಚಿಸುವ ಜನರ ಕೈಗೆ ‘ಚಲನೆ’ ಎಂಬ ಅರ್ಥದ ಪದ ಸಿಕ್ಕರೆ ಅದು ತುಂಟತನ ಆಗದೆ ಇನ್ನೇನಾದೀತು?

ಇದಕ್ಕೆ ನಮ್ಮದೇ ಪದದ ಸಾಕ್ಷಿ ಇದೆ. ‘ಆಡು’ ಎಂಬ ಅಚ್ಚ ಕನ್ನಡ ಕ್ರಿಯಾಪದ ತೆಗೆದುಕೊಳ್ಳಿ. ಅಲ್ಲಾಡು, ತೂಗಾಡು, ಓಡಾಡು, ಉಸಿರಾಡು, ಎಲ್ಲದರಲ್ಲೂ ಚಲನೆ ಇದೆ. ಓಡು ಓಟ ಆದ ಹಾಗೆ, ನೋಡು ನೋಟ ಆದ ಹಾಗೆ, ಆಡು ಆಟ ಆಯಿತು. ಆಮೇಲೆ ಆಟ ಎಲ್ಲಿಗೆ ಹೋಯಿತು ನೋಡಿ: ತುಂಟಾಟ, ಹುಡುಗಾಟ, ಮಂಗಾಟ, ಚೆಲ್ಲಾಟ, ಕಳ್ಳಾಟ, ಪುಂಡಾಟ. ‘ನನ್ನ ಹತ್ರ ಆಟ ಆಡ್ತೀಯಾ?’ ಎಂದು ಯಾರಾದರೂ ಕೇಳಿದರೆ ಅಲ್ಲಿ ಕ್ರೀಡೆಯ ಮಾತೇ ಇಲ್ಲ. ಸಂಸ್ಕೃತದ ಚೇಷ್ಟೆ ಕನ್ನಡಕ್ಕೆ ಬಂದು ಹಿಡಿದ ದಾರಿಯನ್ನು ಕನ್ನಡದ ಆಟವೂ ತುಳಿದಿದೆ. ಹೊರಗಿನ ಪದವನ್ನು ನಮ್ಮವರು ಸುಮ್ನೆ ಎರವಲು ತಂದದ್ದಲ್ಲ, ತಮ್ಮ ರೂಢಿಗೆ ಒಗ್ಗಿಸಿಕೊಂಡಿದ್ದಾರೆ ಎಂದು ನನಗನ್ನಿಸುವುದು ಇದಕ್ಕೇ.

ಕಪಿಚೇಷ್ಟೆ, ಕೋತಿಚೇಷ್ಟೆ, ಮರ್ಕಟಚೇಷ್ಟೆ... ಯಾಕೆ ಯಾವಾಗಲೂ ಕೋತಿಯೇ?

ಕೋತಿ ಒಂದು ಗಳಿಗೆ ಸುಮ್ಮನಿರುವುದಿಲ್ಲ, ಜೊತೆಗೆ ಅದರ ಕೈ ನಮ್ಮ ಕೈ ಥರವೇ ಇದೆ. ಹಸು ಬಂದರೆ ತಿಂದು ಹೋಗುತ್ತದೆ. ಕೋತಿ ಡಬ್ಬಿ ಮುಚ್ಚಳ ತೆಗೆದು, ಒಳಗಿನದನ್ನು ಮೂಸಿ, ಬೇಡವಾದರೆ ಚೆಲ್ಲಿ, ಮುಚ್ಚಳ ಮಾತ್ರ ತೆಗೆದುಕೊಂಡು ಹೋಗುತ್ತದೆ. ‘ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತು’ ಎಂಬ ಗಾದೆ ಸುಮ್ನೆ ಹುಟ್ಟಿಲ್ಲ. ಕಳ್ಳತನ ಯಾರಾದರೂ ಮಾಡಬಹುದು, ಒರೆಸುವುದೇ ಚೇಷ್ಟೆ.

ಪಂಚತಂತ್ರದ ಕತೆ ನೆನಪಿರಬಹುದು. ಬಡಗಿಗಳು ಅರ್ಧ ಸೀಳಿದ ಮರದ ದಿಮ್ಮಿಗೆ ಗೂಟ ಹೊಡೆದು ಊಟಕ್ಕೆ ಹೋಗುತ್ತಾರೆ. ಕೋತಿ ಬಂದು ದಿಮ್ಮಿಯ ಮೇಲೆ ಕೂತು ಗೂಟ ಕೀಳುತ್ತದೆ, ಸೀಳಿನಲ್ಲಿ ಸಿಕ್ಕಿಕೊಂಡು ಸಾಯುತ್ತದೆ. ಮಕ್ಕಳ ಪುಸ್ತಕಗಳಲ್ಲಿ ಬಾಲ ಸಿಕ್ಕಿಕೊಂಡಿತು ಎಂದು ಬರೆಯುತ್ತಾರೆ. ಮೂಲದಲ್ಲಿ ಸಿಕ್ಕಿಕೊಳ್ಳುವ ಅಂಗ ಬೇರೆ, ಅದನ್ನು ಮಕ್ಕಳಿಗೆ ಹೇಳುವ ಹಾಗಿಲ್ಲ.

ಹನುಮಂತನ ಕತೆ ಇನ್ನೂ ಚೆನ್ನಾಗಿದೆ. ರಾಮಾಯಣದ ಉತ್ತರಕಾಂಡದಲ್ಲಿ ಬಾಲ ಹನುಮ ಋಷಿಗಳ ಆಶ್ರಮಕ್ಕೆ ನುಗ್ಗಿ ಯಜ್ಞದ ಪಾತ್ರೆಗಳನ್ನು ಒಡೆಯುತ್ತಾನೆ, ನಾರುಬಟ್ಟೆ ಹರಿದು ಹಾಕುತ್ತಾನೆ. ಋಷಿಗಳು ತಡೆದು ತಡೆದು ಸಾಕಾಗಿ ಶಾಪ ಕೊಡುತ್ತಾರೆ: ಯಾರಾದರೂ ನೆನಪು ಮಾಡುವ ತನಕ ನಿನ್ನ ಬಲ ನಿನಗೆ ಮರೆತುಹೋಗಲಿ. ಮುಂದೆ ಸಮುದ್ರ ದಾಟುವ ಹೊತ್ತಿಗೆ ಜಾಂಬವಂತ ನೆನಪು ಮಾಡಬೇಕಾಗಿ ಬಂತು. ಆ ಹನುಮ ಹುಟ್ಟಿದ್ದು ಕೊಪ್ಪಳ ಜಿಲ್ಲೆಯ ಆನೆಗೊಂದಿ ಹತ್ತಿರದ ಅಂಜನಾದ್ರಿಯಲ್ಲಿ ಎಂದು ನಮ್ಮ ಕಡೆಯ ನಂಬಿಕೆ. ಬೆಟ್ಟ ಹತ್ತುವವರು ಬಾಳೆಹಣ್ಣಿನ ಚೀಲವನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದು ಒಳ್ಳೆಯದು.

‘ಬಾಲಚೇಷ್ಟೆ’ಯಲ್ಲಿರುವ ಬಾಲ ಯಾವುದು? ಮಗುವೋ, ಕೋತಿಯ ಬಾಲವೋ?

ಮಗು. ಬಾಲಕ, ಬಾಲ್ಯದಲ್ಲಿರುವ ಬಾಲ ಅದು. ಹಿಂದೆ ನೇತಾಡುವ ಬಾಲ ಸಂಸ್ಕೃತದ ‘ವಾಲ’ದಿಂದ ಬಂದದ್ದು, ಬೇರೆ ಪದ. ಕನ್ನಡದಲ್ಲಿ ಎರಡೂ ಒಂದೇ ಅಕ್ಷರಕ್ಕೆ ಬಂದು ನಿಂತಿವೆ. ಅದಕ್ಕೇ ‘ಬಾಲ ಬಿಚ್ಬೇಡ’, ‘ನಿನ್ನ ಬಾಲ ಕಟ್ ಮಾಡ್ತೀನಿ’ ಎಂದು ಮಕ್ಕಳನ್ನು ಬೈಯುವಾಗ ಎರಡು ಬಾಲವೂ ಒಟ್ಟಿಗೆ ಕಿವಿಗೆ ಬೀಳುತ್ತವೆ.

ಬೇರೆ ಭಾಷೆಯವರಿಗೆ ಈ ಪದ ಅರ್ಥ ಆಗುತ್ತದಾ?

ಆಗುತ್ತದೆ, ಆದರೆ ಎಚ್ಚರ. ಬೆಂಗಳೂರಿನ ಆಫೀಸಿನಲ್ಲಿ ಬಂಗಾಳಿ ಗೆಳೆಯ ‘ಚೇಷ್ಟಾ ಕೊರ್ಬೊ’ ಅಂದರೆ ಗಾಬರಿ ಬೇಡ. ಪ್ರಯತ್ನ ಮಾಡ್ತೀನಿ ಎನ್ನುತ್ತಿದ್ದಾನೆ. ಬಂಗಾಳಿ, ಒಡಿಯಾ, ಅಸ್ಸಾಮಿಗಳಲ್ಲಿ ದಿನಬಳಕೆಯ ಅರ್ಥ ಪ್ರಯತ್ನವೇ. ಹಿಂದಿಯ ಬರವಣಿಗೆಯಲ್ಲೂ ಹಾಗೆಯೇ.

ದಕ್ಷಿಣಕ್ಕೆ ಇಳಿದರೆ ನಗು ಶುರು. ತಮಿಳಿನಲ್ಲಿ ಷಕಾರ ಕರಗಿ ‘ಸೇಟ್ಟೈ’ ಆಗಿದೆ, ಅರ್ಥ ಪಕ್ಕಾ ತುಂಟತನ. ತೆಲುಗಿನಲ್ಲಿ ‘ಕೋತಿ ಚೇಷ್ಟಲು’ ಎನ್ನುತ್ತಾರೆ. ಅಲ್ಲಿ ಕೋತಿ ಅಂದರೂ ಕೋತಿಯೇ, ಹೊಸದಾಗಿ ಕಲಿಯುವುದು ಏನೂ ಇಲ್ಲ. ಮಲಯಾಳದ ‘ಚೇಷ್ಟ’ ಹಾವಭಾವ ಮತ್ತು ಮಂಗಾಟದ ನಡುವೆ ಓಲಾಡುತ್ತದೆ. ಮರಾಠಿಯಲ್ಲಿ ಚೇಷ್ಟಾ ಅಂದರೆ ಗೇಲಿ, ಅಣಕ.

ಉತ್ತರ ಕರ್ನಾಟಕದ ‘ಚ್ಯಾಷ್ಟಿ’ ಇದೇನಾ?

ಇದೇ. ಧಾರವಾಡ, ಬೆಳಗಾವಿ ಕಡೆ ‘ಚ್ಯಾಷ್ಟಿ ಮಾಡಾಕತ್ತಿಯೇನ?’ ಅಂದರೆ ತಮಾಷೆ ಮಾಡ್ತಿದ್ದೀಯಾ, ಗೇಲಿ ಮಾಡ್ತಿದ್ದೀಯಾ ಎಂದು. ಮೈಸೂರು ಕಡೆಯ ಚೇಷ್ಟೆ ಕೈಯಲ್ಲಿ ನಡೆಯುತ್ತದೆ, ಅಲ್ಲಿಯ ಚ್ಯಾಷ್ಟಿ ಜಾಸ್ತಿ ಬಾಯಲ್ಲಿ. ಪಕ್ಕದ ಮರಾಠಿಯ ಅರ್ಥಕ್ಕೆ ಇದು ಹತ್ತಿರ. ಅಲ್ಲೇ ಕೇಳಿಬರುವ ‘ಮಸ್ಕಿರಿ’ಯೂ ಮರಾಠಿಯ ಮಸ್ಕರಿಯ ಬಳಗದ್ದು. ಅದರ ಹಿಂದೆ ವಿದೂಷಕ, ಗೇಲಿ ಎಂಬ ಅರ್ಥದ ಅರಬ್ಬಿ ಪದವಿದೆ.

ಚೇಷ್ಟೆ, ತುಂಟತನ, ಕೀಟಲೆ, ತರಲೆ, ಕಿತಾಪತಿ ಎಲ್ಲ ಒಂದೇ ಅಲ್ವಾ?

ಅಲ್ಲ, ಅಲ್ಲವೇ ಅಲ್ಲ. ಗೆರೆ ತೆಳ್ಳಗಿದೆ, ಆದರೆ ಇದೆ.

ತುಂಟತನ ಸ್ವಭಾವ, ಚೇಷ್ಟೆ ಕೆಲಸ. ತುಂಟ ಮಲಗಿದ್ದಾಗಲೂ ತುಂಟನೇ, ಚೇಷ್ಟೆಗೆ ಮಾತ್ರ ಅವನು ಏಳಬೇಕು. ಕೀಟಲೆಗೆ ಎದುರಿಗೆ ಒಬ್ಬ ಬೇಕು. ಒಬ್ಬನನ್ನು ಹಿಡಿದು ಕೆಣಕುವುದು, ಗೋಳು ಹೊಯ್ದುಕೊಳ್ಳುವುದು ಕೀಟಲೆ. ಚೇಷ್ಟೆಯನ್ನು ಒಬ್ಬನೇ ಕೂತು ಗಡಿಯಾರ ಬಿಚ್ಚುತ್ತಲೂ ಮಾಡಬಹುದು. ತರಲೆಯಲ್ಲಿ ಮಾತು ಜಾಸ್ತಿ. ಅಡ್ಡ ಪ್ರಶ್ನೆ, ಎದುರುತ್ತರ, ಬೇಕಂತಲೇ ತಪ್ಪಾಗಿ ಅರ್ಥ ಮಾಡಿಕೊಳ್ಳುವುದು ಎಲ್ಲ ತರಲೆ. ಕಿತಾಪತಿಗೆ ತಲೆ ಬೇಕು. ಅದರಲ್ಲಿ ಯೋಜನೆ ಇರುತ್ತದೆ, ಮೂರನೆಯವರನ್ನು ಸಿಕ್ಕಿಸುವ ಸಂಚೂ ಇರಬಹುದು. ಮಕ್ಕಳು ಚೇಷ್ಟೆ ಮಾಡುತ್ತಾರೆ, ಆಫೀಸಿನವರು ಕಿತಾಪತಿ ಮಾಡುತ್ತಾರೆ.

ಕರಾವಳಿಗೆ ಹೋದರೆ ‘ಲೂಟಿ’. ದಕ್ಷಿಣ ಕನ್ನಡದ ಅಮ್ಮ ‘ನಮ್ಮ ಹುಡುಗನದ್ದು ಭಾರೀ ಲೂಟಿ’ ಅಂದರೆ ಪೊಲೀಸರನ್ನು ಕರೆಯಬೇಕಾಗಿಲ್ಲ. ಹವ್ಯಕರ ಮಾತಿನಲ್ಲೂ, ತುಳುವಿನಲ್ಲೂ ಇದು ಮಕ್ಕಳ ತುಂಟತನವೇ. ಬಯಲುಸೀಮೆಯಿಂದ ಮದುವೆಯಾಗಿ ಹೋದವರಿಗೆ ಮೊದಮೊದಲು ಈ ಪದ ಸ್ವಲ್ಪ ಹೆದರಿಕೆ ಹುಟ್ಟಿಸುತ್ತದೆ, ಅಷ್ಟೇ.

ಕಿಲಾಡಿ ಹಿಂದಿಯ ಖಿಲಾಡಿ, ಅಂದರೆ ಆಟಗಾರ. ಇಲ್ಲಿಗೆ ಬರುವ ಹೊತ್ತಿಗೆ ಚಾಲಾಕಿ ಆಗಿದ್ದಾನೆ. ‘ತಂಟೆ ತಕರಾರು’ ಜೋಡಿಯಲ್ಲಿರುವ ತಕರಾರು ಅರಬ್ಬಿಯಿಂದ ಬಂದದ್ದು, ಅಲ್ಲಿ ಅದರ ಅರ್ಥ ಪುನರಾವರ್ತನೆ. ಹೇಳಿದ್ದನ್ನೇ ಹೇಳುವುದು ಜಗಳ ಆದದ್ದು ಆಶ್ಚರ್ಯ ಅಲ್ಲ.

ದೊಡ್ಡವರೇ ಒಪ್ಪಿಕೊಟ್ಟ ಚೇಷ್ಟೆ ಅಂತ ಇದೆಯಾ?

ಇದೆ, ವರ್ಷಕ್ಕೊಮ್ಮೆ. ಹೋಳಿ ಹುಣ್ಣಿಮೆಗೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹುಡುಗರು ಕಾಮದಹನಕ್ಕೆ ಕಟ್ಟಿಗೆ, ಕುಳ್ಳು (ಬೆರಣಿ) ಕದಿಯುತ್ತಾರೆ. ಕೇಳಿ ತಂದದ್ದಕ್ಕೆ ಬೆಲೆ ಇಲ್ಲ, ಕದ್ದದ್ದೇ ಆಗಬೇಕು. ಹಿತ್ತಲಲ್ಲಿ ಒರಗಿಸಿಟ್ಟ ಹಳೇ ಬಾಗಿಲು, ಮುರಿದ ಏಣಿ ಕೂಡ ರಾತ್ರೋರಾತ್ರಿ ಕಾಮಣ್ಣನ ಪಾಲಾಗುತ್ತವೆ. ಮನೆಯವರು ಎಚ್ಚರ ಇದ್ದು ಕಾಯಬಹುದು, ಬೈಯಬಹುದು. ಬೆಂಕಿ ಹಚ್ಚಿದ ಮೇಲೆ ದೂರು ಕೊಡುವ ಹಾಗಿಲ್ಲ. ಹಲಗೆ ಬಡಿತ, ಲಬೋ ಲಬೋ ಎಂದು ಬಾಯಿ ಬಡಿದುಕೊಳ್ಳುವುದು ಎಲ್ಲ ಇದರ ಜೊತೆ. ಬಾಗಲಕೋಟೆಯಲ್ಲಂತೂ ಹೋಳಿ ಹಲವು ದಿನದ ಹಬ್ಬ.

ಕುಚೇಷ್ಟೆ ಯಾವಾಗ ಆಗುತ್ತದೆ?

‘ಕು’ ಸೇರಿದರೆ ಕೆಟ್ಟದ್ದು. ಉದ್ದೇಶವೇ ನೋಯಿಸುವುದಾದರೆ ಅದು ಕುಚೇಷ್ಟೆ. ಆದರೆ ಉದ್ದೇಶ ಒಂದನ್ನೇ ನೋಡಿದರೆ ಸಾಲದು ಎಂಬುದು ನನ್ನ ಅಭಿಪ್ರಾಯ. ಸಿಕ್ಕಿಬಿದ್ದವರೆಲ್ಲ ‘ತಮಾಷೆಗೆ ಮಾಡಿದೆ’ ಎಂದೇ ಹೇಳುತ್ತಾರೆ. ಕಾಟ ತಿಂದವರು ಆಮೇಲೆ ನಗುತ್ತಾರಾ ಎಂದು ಕೇಳಬೇಕು. ಅವರು ನಗುವುದಿಲ್ಲ ಅಂದರೆ ಅದಕ್ಕೆ ಚೇಷ್ಟೆ ಎಂಬ ಮುದ್ದಿನ ಹೆಸರು ಕೊಡಬಾರದು.

ಹೆಣ್ಣುಮಕ್ಕಳನ್ನು ದಾರಿಯಲ್ಲಿ ಪೀಡಿಸುವುದನ್ನು ‘ಹುಡುಗರ ಚೇಷ್ಟೆ’ ಎನ್ನುವವರು ಈಗಲೂ ಇದ್ದಾರೆ. ಅದು ಅಪರಾಧ. ಕಾಲೇಜಿನ ರ‍್ಯಾಗಿಂಗ್ ಕೂಡ ಅಷ್ಟೇ. ಕರ್ನಾಟಕ ಶಿಕ್ಷಣ ಕಾಯ್ದೆ, 1983 ಅದನ್ನು ಶಿಕ್ಷೆಗೆ ಗುರಿಮಾಡುತ್ತದೆ, ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2009ರಲ್ಲಿ ಪ್ರತ್ಯೇಕ ನಿಯಮಗಳನ್ನೇ ತಂದಿದೆ.

ಸಂಸ್ಕೃತ ಬೇಡ, ಕನ್ನಡದ್ದೇ ಪದ ಬೇಕು. ಏನು ಬಳಸಲಿ?

ತುಂಟತನ, ತುಂಟಾಟ. ತೆಲುಗಿನಲ್ಲೂ ತುಂಟನಿಗೆ ‘ತುಂಟರಿ’ ಎನ್ನುತ್ತಾರೆ. ಹಾಗೆಂದು ಚೇಷ್ಟೆಯನ್ನು ಬಿಡಲೇಬೇಕು ಎಂದೇನಿಲ್ಲ. ಮನೆಮನೆಯ ಅಜ್ಜಿಯರ ಬಾಯಲ್ಲಿ ಇಷ್ಟು ಕಾಲ ಆಡಿದ ಪದ ಈಗ ಹೊರಗಿನದು ಅನ್ನಿಸುವುದಿಲ್ಲ.

ಬರೆಯುವಾಗ ಚೇಷ್ಟೆಯೋ, ಚೇಷ್ಠೆಯೋ?

ಚೇಷ್ಟೆ. ಅಲ್ಪಪ್ರಾಣ ಟ. ನಿಷ್ಠೆ, ಪ್ರತಿಷ್ಠೆ, ಶ್ರೇಷ್ಠ, ಕನಿಷ್ಠ, ಗರಿಷ್ಠ ಇವುಗಳಿಗೆ ಠ. ಕಷ್ಟ, ನಷ್ಟ, ಇಷ್ಟ, ದುಷ್ಟ ಇವುಗಳಿಗೆ ಟ. ಚೇಷ್ಟೆ ಎರಡನೇ ಗುಂಪಿನ ಜೊತೆ ಹೋಗುತ್ತದೆ. ಅನುಮಾನ ಬಂದಾಗ ‘ದುಷ್ಟನ ಚೇಷ್ಟೆ’ ಎಂದು ನೆನಪಿಟ್ಟುಕೊಂಡರೆ ಸಾಕು.